ವಾರಸಿನ ಕಾರು ಮತ್ತು ಅದರ ಐದು ಟೈರುಗಳು

ಮದ್ರಸದಲ್ಲಿ ಪಾಠ ಹೇಳುವವನಿಗೂ ಕಾರಿನ ಟೈರಿಗೂ ಏನು ಸಂಬಂಧವೆಂದು ಓದುಗರಿಗೆ ಅನ್ನಿಸುವುದು ಸಹಜ. ನನ್ನ ಬಳಿ ಇರುವುದು ಒಂದು ಸ್ಕೂಟರ್ ಮಾತ್ರ. ಆದರೆ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಮೀರಾಸಿನ ಲೆಕ್ಕ ಕೇಳಲು ನಮ್ಮ ಜನ ಬರುವುದು ಮದ್ರಸದ ಬಾಗಿಲಿಗೆ. ಮನೆ, ನಿವೇಶನ, ಒಡವೆ, ಬ್ಯಾಂಕಿನ ಠೇವಣಿ ಇವುಗಳ ಪಾಲು ಹಾಕುವುದು ನನಗೆ ಹೊಸತಲ್ಲ. ಕಳೆದ ವರ್ಷ ಆರ್.ಟಿ. ನಗರದ ಒಂದು ಮನೆಯವರು ತಂದ ಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಉಳಿದ ಆಸ್ತಿಯ ಹಂಚಿಕೆ ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. ಆ ಕಾರಿನ ಟೈರುಗಳ ವಿಷಯ ಮಾತ್ರ ಮೂರು ವಾರ ನಡೆಯಿತು.

ಕಾರು 1967ರ ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ ಇದು. ಎಲ್ಲ ರೂಪಗಳನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಎರಡೇ ಆಸನ, ಮಡಚಿಡಬಹುದಾದ ಬಟ್ಟೆಯ ಛಾವಣಿ, ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳಿರುವ ಸ್ಪೋಕ್ ಚಕ್ರಗಳು. ತೀರಿಕೊಂಡ ಹಾಜಿ ಸಾಹೇಬರು ಯಶವಂತಪುರದಲ್ಲಿ ಲೇತ್ ಅಂಗಡಿ ನಡೆಸುತ್ತಿದ್ದವರು. ಎಂಬತ್ತರ ದಶಕದಲ್ಲಿ ಓಡದೆ ನಿಂತಿದ್ದ ಈ ಕಾರನ್ನು ಕೊಂಡು, ಸಿಗದ ಬಿಡಿಭಾಗಗಳನ್ನು ತಮ್ಮ ಲೇತಿನಲ್ಲಿ ತಾವೇ ಕಡೆದು, ಹಲವು ವರ್ಷಗಳ ಬಳಿಕ ಅದನ್ನು ರಸ್ತೆಗೆ ಇಳಿಸಿದ್ದರು. ಭಾನುವಾರ ಫಜ್ರ್ ನಮಾಝಿನ ಅನಂತರ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಯಲಹಂಕದವರೆಗೆ ಹೋಗಿ ಬರುವುದು ಅವರ ರೂಢಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ರಸ್ತೆಯ ವೇಗವೂ ದಟ್ಟಣೆಯೂ ಅವರ ವಯಸ್ಸಿಗೆ ಒಗ್ಗಲಿಲ್ಲ. ಕ್ರಮೇಣ ಕಾರು ಮನೆಯ ಮುಂದಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ನಿಂತಿತು. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಟಾರ್ಪಾಲಿನ್ ತೆಗೆದು ಒರೆಸಿ, ಮತ್ತೆ ಹೊದಿಸುತ್ತಿದ್ದರಂತೆ.

ಅವರ ಪತ್ನಿಯ ಇದ್ದತ್ ಮುಗಿದ ಮೇಲೆ ಎಲ್ಲರೂ ಕೂಡಿ ಕುಳಿತರು. ಹಿರಿಯ ಮಗನಿಗೆ ಕಾರನ್ನು ಮಾರುವ ಇಚ್ಛೆ. ಹೊರ ಊರಿನ ಹವ್ಯಾಸಿಯೊಬ್ಬರು ಫೋಟೋ ನೋಡಿಯೇ ಒಳ್ಳೆಯ ಬೆಲೆ ಹೇಳಿದ್ದರು. ಕಿರಿಯ ಮಗನಿಗೆ ಅದನ್ನು ಮನೆಯಲ್ಲಿ ಉಳಿಸಿಕೊಂಡು, ಹನ್ನೆರಡು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿಬರುವ ಆಸೆ. ಈ ಇಬ್ಬರ ನಡುವೆ, ಯಲಹಂಕಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಒಂದು ಪ್ರಶ್ನೆ ಕೇಳಿದರು: “ಮಾರುವುದಾದರೂ ಸರಿ, ಇಟ್ಟುಕೊಳ್ಳುವುದಾದರೂ ಸರಿ, ಆ ಟೈರುಗಳು ಯಾವ ಕಾಲದವು ಭಾಯಿಜಾನ್?”

ಹಿರಿಯ ಮಗ ನಕ್ಕರು. “ಟೈರು ಹೊಸತರ ಹಾಗಿವೆ. ಅಬ್ಬಾ ಹಾಕಿಸಿದ ಮೇಲೆ ಕಾರು ಓಡಿದ್ದೆಲ್ಲಿ? ಗ್ರಿಪ್ ನೋಡು, ಬೆರಳು ಹೋಗುತ್ತದೆ.” ಅವರು ಹೇಳಿದ್ದು ಸುಳ್ಳಲ್ಲ. ಟೈರಿನ ತೋಡುಗಳು ಆಳವಾಗಿದ್ದವು. ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು. ಹೊರಮೈಯನ್ನು ಹಾಜಿ ಸಾಹೇಬರು ಹೊಳೆಯುವಂತೆ ಒರೆಸಿಟ್ಟಿದ್ದರು.

ಟೈರಿನ ವಯಸ್ಸನ್ನು ತಿಳಿಯಲು ಮೆಕ್ಯಾನಿಕ್ ಆಗಿರಬೇಕಾಗಿಲ್ಲ, ಓದಲು ಬಂದರೆ ಸಾಕು. ಟೈರಿನ ಪಾರ್ಶ್ವದಲ್ಲಿ ‘ಡಾಟ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ಈ ನಾಲ್ಕು ಅಂಕಿ ಅನೇಕ ಟೈರುಗಳಲ್ಲಿ ಒಂದು ಪಾರ್ಶ್ವದಲ್ಲಿ ಮಾತ್ರ ಇರುತ್ತದೆ. ಆ ಪಾರ್ಶ್ವ ಒಳಗಡೆಗೆ ಬಂದಿದ್ದರೆ ಕಾರಿನ ಅಡಿಗೆ ತೂರಿ ಟಾರ್ಚ್ ಹಿಡಿದೇ ಓದಬೇಕು. ಕಿರಿಯ ಮಗನ ಹುಡುಗ, ನನ್ನದೇ ವಿದ್ಯಾರ್ಥಿ, ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಒಳಗೆ ತೂರಿ ಒಂದೊಂದನ್ನಾಗಿ ಕೂಗಿ ಹೇಳಿದ. ನಾನು ಬರೆದುಕೊಂಡೆ. ಎರಡು ಟೈರುಗಳ ಮೇಲೆ 3409. ಅಂದರೆ 2009ನೇ ವರ್ಷದ 34ನೆಯ ವಾರ, ಆಗಸ್ಟ್ ತಿಂಗಳು. ಇನ್ನೆರಡರ ಮೇಲೆ 1009. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯ ಮೇಲೆ ಮೂರೇ ಅಂಕಿ: 178.

ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಹದಿನೇಳನೆಯ ವಾರ, ಎಂಟನೆಯ ವರ್ಷ. ಅದು 1988 ಆಗಿರಬಹುದು, 1998 ಆಗಿರಬಹುದು. ದಶಕ ಯಾವುದೆಂದು ಆ ಅಂಕಿ ಹೇಳುವುದಿಲ್ಲ. ತೊಂಬತ್ತರ ದಶಕದ ಹಲವು ಟೈರುಗಳಲ್ಲಿ ಅಂಕಿಯ ಪಕ್ಕ ಒಂದು ಸಣ್ಣ ತ್ರಿಕೋನ ಇರುತ್ತಿತ್ತು, ಇಲ್ಲಿ ಅದೂ ಇರಲಿಲ್ಲ. ಹದೀಸ್ ಪಾಠದಲ್ಲಿ ನಾವು ಮಕ್ಕಳಿಗೆ ಮೊದಲು ಕಲಿಸುವುದು ಸನದನ್ನು ನೋಡಲು. ಮಾತು ಎಷ್ಟೇ ಸುಂದರವಾಗಿರಲಿ, ಅದು ಯಾರಿಂದ ಯಾರಿಗೆ ಬಂತು, ಯಾವ ಕಾಲದ್ದು ಎಂಬುದನ್ನು ವಿಚಾರಿಸದೆ ವಿದ್ವಾಂಸರು ಸ್ವೀಕರಿಸುವುದಿಲ್ಲ. ಟೈರಿನ ಗ್ರಿಪ್ ನೋಡಿ ತೃಪ್ತರಾಗಿ ಆ ಅಂಕಿಗಳನ್ನು ಓದದವರನ್ನು ಕಂಡಾಗ ನನಗೆ ಈ ಪಾಠವೇ ನೆನಪಾಯಿತು.

ಓಡದ ಟೈರು ಹೇಗೆ ಹಾಳಾಗುತ್ತದೆ ಎಂಬುದು ಹಿರಿಯ ಮಗನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಮರದಿಂದ ಇಳಿದ ಕಚ್ಚಾ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕವನ್ನು ಬೆರೆಸಿ ಕಾಯಿಸುವ ಕ್ರಮವನ್ನು ಕಂಡುಕೊಂಡ ಮೇಲೆ ಅದು ಪುಟಿಯುವ, ಹಿಗ್ಗುವ ವಸ್ತುವಾಗಿ ನಿಂತಿತು. ಆದರೆ ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಆ ಬಂಧಗಳ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ. ಬಿಸಿಲು ಮತ್ತು ಶಾಖ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ಇದನ್ನು ತಡೆಯಲು ತಯಾರಕರು ರಬ್ಬರಿನೊಳಗೆ ಮೇಣವನ್ನೂ ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಅವು ಮೇಲ್ಮೈಗೆ ಬಂದು ಒಂದು ಪೊರೆಯಾಗುತ್ತವೆ. ಕಾರು ನಿಂತೇ ಇದ್ದರೆ ಅವು ಸರಿಯಾಗಿ ಮೇಲಕ್ಕೆ ಬರುವುದಿಲ್ಲ. ಹೀಗಾಗಿ ವಾರವಾರವೂ ಓಡುವ ಕಾರಿನ ಟೈರಿಗಿಂತ ಟಾರ್ಪಾಲಿನ್ ಅಡಿ ನಿಂತ ಕಾರಿನ ಟೈರು ಬೇಗ ಬಿರುಕು ಬಿಡುವುದುಂಟು. ಹೊರಗೆ ಕಾಣುವ ಬಿರುಕಿಗಿಂತ ಒಳಗೆ ಉಕ್ಕಿನ ಎಳೆಗಳಿಗೆ ರಬ್ಬರು ಅಂಟಿಕೊಂಡಿರುವ ಹಿಡಿತ ಸಡಿಲವಾಗುವುದು ಹೆಚ್ಚು ಅಪಾಯ. ಶೆಡ್ಡಿನಲ್ಲಿ ನಿಂತಿರುವಾಗ ಅದು ತಿಳಿಯುವುದಿಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಟೈರು ಕಾದಾಗ ತಿಳಿಯುತ್ತದೆ. ಗ್ರಿಪ್ ಎಷ್ಟೇ ಉಳಿದಿರಲಿ, ಹತ್ತು ವರ್ಷ ತುಂಬಿದ ಟೈರನ್ನು ಬದಲಿಸಿ ಎಂದು ದೊಡ್ಡ ತಯಾರಕರೇ ಹೇಳುತ್ತಾರೆ. ಐದು ವರ್ಷದ ಬಳಿಕ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಎಂಬ ಸಲಹೆಯೂ ಉಂಟು.

ಹುಡುಗರಿಗೆ ಅರ್ಥವಾಗಲೆಂದು ನಾನು ಒಂದು ಪ್ರಕರಣವನ್ನು ಹೇಳಿದೆ, ಏಕೆಂದರೆ ಆ ನಟನ ಹೆಸರು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾರು ಓಟದ ಸಿನಿಮಾಗಳ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಪೋರ್ಷೆ ಕರೆರಾ ಜಿಟಿ ಎಂಬ ಸ್ಪೋರ್ಟ್ಸ್ ಕಾರಿನ ಅಪಘಾತದಲ್ಲಿ ಮೃತರಾದರು. ಕಾರನ್ನು ಓಡಿಸುತ್ತಿದ್ದ ಸ್ನೇಹಿತನೂ ಬದುಕಲಿಲ್ಲ. ಅತಿವೇಗವೇ ಕಾರಣವೆಂದು ತನಿಖೆ ಹೇಳಿತು. ಆದರೆ ತನಿಖಾಧಿಕಾರಿಗಳು ಇನ್ನೊಂದನ್ನೂ ದಾಖಲಿಸಿದರು: ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದು ಕಾರಿನ ಹಿಡಿತವನ್ನು ಕುಂದಿಸಿರಬಹುದು. ಕೋಟಿಗಟ್ಟಲೆ ಬೆಲೆಯ ಕಾರು, ಕಡಿಮೆ ಓಡಿದ ಕಾರು, ನೋಡಲು ಚೆಂದದ ಟೈರು. ನಮ್ಮ ಹಾಜಿ ಸಾಹೇಬರ ಟೈರುಗಳು ಅವಕ್ಕಿಂತಲೂ ಹಳೆಯವು.

ಇನ್ನು ಮಾರಾಟದ ವಿಷಯ. ಹಿರಿಯ ಮಗನ ವಾದ ಹೀಗಿತ್ತು: “ಹಜ್ರತ್, ಕೊಳ್ಳುವವರು ಇದರಲ್ಲಿ ಪಳಗಿದವರು. ಅವರೇ ನೋಡಿಕೊಳ್ಳುತ್ತಾರೆ. ಅವರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ನಾನೇ ಹೇಳಬೇಕೇ?” ಇದು ನಮ್ಮ ಅಂಗಡಿ ಬೀದಿಗಳಲ್ಲಿ ದಿನವೂ ಕೇಳುವ ವಾದ. ಪ್ರಾಮಾಣಿಕರೂ ಇದನ್ನು ಹೇಳುತ್ತಾರೆ ಎಂಬುದೇ ಇದರ ತೊಂದರೆ.

ಪ್ರವಾದಿ ಮುಹಮ್ಮದ್(ಸ)ರು ಮದೀನದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟ ಘಟನೆಯನ್ನು ನಮ್ಮ ಮಕ್ಕಳೂ ಬಲ್ಲರು. ಮೇಲೆ ಒಣಗಿದ ಧಾನ್ಯ, ಒಳಗೆ ಬೆರಳಿಗೆ ತಾಗಿದ್ದು ತೇವ. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದ. ಮಳೆ ಅವನ ತಪ್ಪಲ್ಲ. ತೇವವಾದ ಧಾನ್ಯವನ್ನು ಮೇಲೆ ಇಡದೆ ಹೋದದ್ದು ಅವನ ತಪ್ಪು. ಆ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ರಾಶಿಯ ಹೊರಮೈಯೇ ಅವನ ಪರವಾಗಿ ಮಾತನಾಡುತ್ತಿತ್ತು. ಹೊಳೆಯುವ ಟೈರು ಮಾಡುವುದೂ ಅದನ್ನೇ. ನಮ್ಮ ಫಿಕ್ಹ್ ಗ್ರಂಥಗಳು ವಸ್ತುವಿನ ಐಬನ್ನು, ಅಂದರೆ ದೋಷವನ್ನು, ತಿಳಿದೂ ಮುಚ್ಚಿಡಬಾರದು ಎನ್ನುತ್ತವೆ. ಮುಚ್ಚಿಟ್ಟು ಮಾರಿದರೆ ಕೊಂಡವನಿಗೆ ಅದನ್ನು ಹಿಂದಿರುಗಿಸುವ ಹಕ್ಕು ಉಂಟು. ಖಿಯಾರುಲ್ ಐಬ್ ಎಂಬ ಅಧ್ಯಾಯ ಇರುವುದೇ ಇದಕ್ಕಾಗಿ. ಧಾನ್ಯದ ತೇವದಿಂದ ಕೊಂಡವನಿಗೆ ನಷ್ಟವಾಗುತ್ತದೆ, ಟೈರಿನ ಒಳದೋಷದಿಂದ ಪ್ರಾಣವೇ ಹೋಗಬಹುದು, ಅದೂ ಕೊಂಡವನೊಬ್ಬನದೇ ಅಲ್ಲ, ಎದುರಿನಿಂದ ಬರುವ ಸ್ಕೂಟರಿನವನದೂ. ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ಹಿರಿಯ ಮಗ ಆ ರಾತ್ರಿಯೇ ಕೊಳ್ಳುವವರಿಗೆ ಫೋನ್ ಮಾಡಿ ಐದೂ ಅಂಕಿಗಳನ್ನು ಓದಿ ಹೇಳಿದರಂತೆ. ಆ ಕಡೆಯವರು ಬೆಲೆಯಿಂದ ಒಂದಿಷ್ಟು ಇಳಿಸಿ ಎಂದರಂತೆ. ಅಷ್ಟೇ. ವ್ಯಾಪಾರ ಮುರಿಯಲಿಲ್ಲ. ಕಿರಿಯವರ ಮನಸ್ಸು ಮಾತ್ರ ಅಷ್ಟರಲ್ಲಿ ಗಟ್ಟಿಯಾಗಿತ್ತು: ಕಾರಿಗೆ ಮೊದಲು ಒಳ್ಳೆಯ ಟೈರು ಹಾಕಿಸೋಣ, ಒಂದು ವರ್ಷ ಇರಲಿ, ಆಮೇಲೆ ನೋಡೋಣ. ತಾಯಿಯೂ ಅದಕ್ಕೆ ಒಪ್ಪಿದರು.

ಆಗ ಎದುರಾದದ್ದು ಆಯ್ಕೆಯ ಪ್ರಶ್ನೆ. ಇದರಲ್ಲಿ ನನ್ನ ಕುತೂಹಲ ಬೆಳೆದು ನಾನೂ ಅವರ ಜೊತೆ ಅಂಗಡಿಗಳಿಗೆ ಹೋದೆ.

ಹಳೆಯ ಕಾರಿನ ಕೈಪಿಡಿಯಲ್ಲಿ ಬರೆದಿರುವ ಅಳತೆಯ ಭಾಷೆಯೇ ಬೇರೆ. ಈ ಕಾರಿನ ಅಳತೆ 165 ಆರ್ 14. ಅಗಲ 165 ಮಿಲಿಮೀಟರ್, ರೇಡಿಯಲ್ ಜಾತಿ, ರಿಮ್ಮಿನ ವ್ಯಾಸ 14 ಇಂಚು. ಪಾರ್ಶ್ವದ ಎತ್ತರ ಅಗಲದ ಶೇಕಡಾ ಎಷ್ಟು ಎಂಬ ಅಂಕಿ ಅಲ್ಲಿಲ್ಲ. ಆ ಕಾಲದಲ್ಲಿ ಅದು ಸುಮಾರು 80ರ ಮೇಲೆ ಎಂಬುದು ಎಲ್ಲರೂ ತಿಳಿದಿದ್ದ ಸಂಗತಿ, ಆದ್ದರಿಂದ ಬರೆಯುತ್ತಿರಲಿಲ್ಲ. ಇಂದಿನ ಭಾಷೆಯಲ್ಲಿ ಇದಕ್ಕೆ ತೀರ ಹತ್ತಿರದ್ದು 165/80 ಆರ್ 14. ಸುತ್ತಳತೆಯಲ್ಲಿ ವ್ಯತ್ಯಾಸ ಶೇಕಡಾ ಒಂದರಷ್ಟು ಮಾತ್ರ. ಈ ಅಳತೆಯ ಟೈರು ಎಲ್ಲಿದೆ ಎಂದು ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಮಾರುತಿ ಡಿಜೈರ್‌ನ ಕೆಳಗಿನ ಮಾದರಿಗಳಿಗೆ ಹಾಕಿ ಬರುವುದು ಇದೇ ಅಳತೆ. ನಮ್ಮ ಓಣಿಯ ಟ್ಯಾಕ್ಸಿ ಓಡಿಸುವ ಹುಡುಗನ ಕಾರಿನ ಟೈರು ಹಾಜಿ ಸಾಹೇಬರ ಸ್ಪೋರ್ಟ್ಸ್ ಕಾರಿಗೆ ಹೊಂದುತ್ತದೆ ಎಂದು ತಿಳಿದಾಗ ಕಿರಿಯ ಮಗನ ಮುಖ ಸ್ವಲ್ಪ ಬಾಡಿದ್ದನ್ನು ನಾನು ಕಂಡೆ.

ಅವರಿಗೆ ಬೇಕಾಗಿದ್ದದ್ದು ಅಸಲಿ ಕಾಲದ ಟೈರು. ಅಂಥದ್ದು ಜಗತ್ತಿನಲ್ಲಿ ಇಲ್ಲವೆಂದಲ್ಲ. ಹಳೆಯ ಕಾರುಗಳಿಗೆಂದೇ ಹಳೆಯ ವಿನ್ಯಾಸದಲ್ಲಿ, ಹೊಸ ರಬ್ಬರಿನಲ್ಲಿ ಟೈರು ಮಾಡುವ ಕಂಪನಿಗಳು ಯುರೋಪಿನಲ್ಲಿವೆ. ಅವುಗಳಲ್ಲಿ ಒಂದಾದ ಹಾಲೆಂಡಿನ ವ್ರೆಡೆಸ್ಟೈನ್ 2009ರಿಂದ ನಮ್ಮ ದೇಶದ ಅಪೋಲೋ ಟೈರ್ಸ್‌ನ ಒಡೆತನದಲ್ಲಿದೆ. ಆದರೂ ನಾವು ಕೇಳಿದ ಅಂಗಡಿಗಳಲ್ಲಿ ಅದರ ಹಳೆಯ ಕಾರಿನ ಮಾದರಿ ಸಿಗಲಿಲ್ಲ. ಹೊರದೇಶದಿಂದ ತರಿಸೋಣವೆಂದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರಿನ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಪರವಾನಗಿ ಬೇಕು. ಐದು ಟೈರಿಗಾಗಿ ಆ ದಾರಿ ಹಿಡಿಯುವುದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ.

ಇದೇ ಹೊತ್ತಿಗೆ ಜೆ.ಸಿ. ರಸ್ತೆಯ ಒಂದು ಕಡೆ ಕಿರಿಯವರಿಗೆ ನಾಲ್ಕು ಟೈರುಗಳು ಸಿಕ್ಕವು. ಹಳೆಯ ಬ್ರಿಟಿಷ್ ಹೆಸರು, ಸರಿಯಾದ ಅಳತೆ, ಒಂದು ದಿನವೂ ರಸ್ತೆ ಕಾಣದ ಮಾಲು. “ಗೋಡೌನಿನಲ್ಲೇ ಇತ್ತು ಸಾರ್, ಫ್ರೆಶ್ ಪೀಸ್” ಎಂದು ಅಂಗಡಿಯವನು ಹೊಸ ಟೈರಿಗಿಂತ ದುಪ್ಪಟ್ಟು ಬೆಲೆ ಹೇಳಿದ. ಹುಡುಗ ಬಗ್ಗಿ ಓದಿದ. ಮೂರೇ ಅಂಕಿ. ಅಪ್ಪನಿಗೆ ಹೇಳುವ ಮೊದಲೇ ನನ್ನ ಮುಖ ನೋಡಿದ. ಹಳೆಯ ಕಾರುಗಳನ್ನು ಪ್ರೀತಿಸುವವರು ಎಡವುವ ಜಾಗ ಇದೇ ಎಂದು ನನಗೆ ತೋರುತ್ತದೆ. ಬಳಸದೆ ಇಟ್ಟ ಹಿತ್ತಾಳೆಯ ಹೂಜಿ ಐವತ್ತು ವರ್ಷದ ಬಳಿಕವೂ ಹೂಜಿಯೇ. ಬಳಸದೆ ಇಟ್ಟ ಟೈರು ಮಾತ್ರ ಬಳಸಿದ ಟೈರಿನಷ್ಟೇ ಮುದಿಯಾಗಿರುತ್ತದೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ಕಾರಿಗೆ ಅಂಥದ್ದನ್ನು ಹಾಕಲಿ, ಅಡ್ಡಿಯಿಲ್ಲ. ಮಗುವನ್ನು ಕೂರಿಸಿಕೊಂಡು ನಂದಿ ಬೆಟ್ಟದ ತಿರುವು ಇಳಿಯುವ ಕಾರಿಗೆ ಆರು ತಿಂಗಳ ಹಿಂದೆ ತಯಾರಾದ ಟ್ಯಾಕ್ಸಿಯ ಟೈರೇ ಉತ್ತಮ. ಇದು ನನ್ನ ಅಭಿಪ್ರಾಯ, ಹವ್ಯಾಸಿಗಳು ಒಪ್ಪದಿರಬಹುದು.

ಅಸಲಿತನ ಹೋದರೆ ಕಾರಿನ ಬೆಲೆ ಹೋಗುತ್ತದೆ ಎಂಬ ಭಯವೂ ಅವರಿಗಿತ್ತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ದೇಹ, ಎಂಜಿನ್ ಇವುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು ಎಂಬುದು ಅಲ್ಲಿನ ಕಾಳಜಿ. ಟೈರು ಸವೆಯುವ ವಸ್ತು, ಬದಲಿಸಲೇಬೇಕಾದ ವಸ್ತು. ಅಗಲವಾದ ಟೈರು, ಅಲಾಯ್ ಚಕ್ರ ಹಾಕಿಸೋಣವೆಂದು ಒಬ್ಬ ಸ್ನೇಹಿತ ಸೂಚಿಸಿದ್ದ. ಅದನ್ನು ತಾಯಿಯೇ ತಳ್ಳಿಹಾಕಿದರು. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಅಗಲ ಟೈರು ಹಾಕಿದರೆ ತಿರುಗಿಸಲು ತೋಳಿನ ಬಲ ಬೇಕು ಎಂದು ಹಾಜಿ ಸಾಹೇಬರು ಹೇಳುತ್ತಿದ್ದುದು ಅವರಿಗೆ ನೆನಪಿತ್ತು.

ವೇಗ ಮತ್ತು ಭಾರದ ಲೆಕ್ಕವನ್ನೂ ನೋಡಿದೆವು. ಟೈರಿನ ಮೇಲೆ 85ಟಿ ಎಂದಿತ್ತು. 85 ಎಂದರೆ ಒಂದೊಂದು ಟೈರು 515 ಕಿಲೋ ಹೊರಬಲ್ಲದು. ನಾಲ್ಕೂ ಸೇರಿದರೆ ಎರಡು ಟನ್ನಿಗೂ ಮೇಲೆ, ಕಾರಿನ ತೂಕ ಒಂದು ಟನ್ನಿಗೂ ಕಡಿಮೆ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ಈ ಕಾರು ಹೊಸತಾಗಿದ್ದಾಗಲೂ ಅಷ್ಟು ವೇಗ ಮುಟ್ಟಿದ್ದಲ್ಲ.

ಐದು ಟೈರಿಗೆ 24,000, ಐದು ಟ್ಯೂಬಿಗೆ 2,500, ಕೂಲಿ ಮತ್ತು ಬ್ಯಾಲೆನ್ಸಿಂಗಿಗೆ 1,500, ಒಟ್ಟು 28,000 ರೂಪಾಯಿ. ಇಲ್ಲಿ ನನ್ನ ನಿಜವಾದ ಕೆಲಸ ಬಂತು. ಕಾರು ಇನ್ನೂ ಯಾರೊಬ್ಬರದೂ ಅಲ್ಲ, ಎಲ್ಲರ ಒಪ್ಪಿಗೆಯಿಲ್ಲದೆ ಅದರ ಖರ್ಚನ್ನು ಎಲ್ಲರ ಮೇಲೆ ಹೊರಿಸುವಂತಿಲ್ಲ. ಒಪ್ಪಿದ ಮೇಲೆ ಖರ್ಚು ಪಾಲಿನಂತೆಯೇ ಹಂಚಿಕೆಯಾಗಬೇಕು. ಪತ್ನಿಗೆ ಎಂಟನೆಯ ಒಂದು, ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ನಲವತ್ತು ಭಾಗ ಮಾಡಿದರೆ ತಾಯಿಗೆ 5, ಗಂಡು ಮಕ್ಕಳಿಗೆ ತಲಾ 14, ಮಗಳಿಗೆ 7. ಆದ್ದರಿಂದ ತಾಯಿ 3,500, ಗಂಡು ಮಕ್ಕಳು ತಲಾ 9,800, ಮಗಳು 4,900. ತಾಯಿಯ ಪಾಲನ್ನು ತಾನೇ ಕೊಡುತ್ತೇನೆಂದು ಹಿರಿಯ ಮಗ ಹೇಳಿದರು. “ನನ್ನದನ್ನು ನಾನೇ ಕೊಡುತ್ತೇನೆ ಬೇಟಾ, ಅವರ ಕಾರು” ಎಂದು ಅವರು ಒಪ್ಪಲಿಲ್ಲ. ಪಾಲು ಚಿಕ್ಕದಾದರೂ ಹೆಂಗಸರು ತಮ್ಮ ಹಕ್ಕನ್ನೂ ಹೊಣೆಯನ್ನೂ ಹೀಗೆ ತಾವೇ ಹಿಡಿದುಕೊಳ್ಳುವುದನ್ನು ನಾನು ಹೆಚ್ಚು ಮನೆಗಳಲ್ಲಿ ಕಂಡಿಲ್ಲ.

ಹೆಬ್ಬಾಳದ ಬಳಿಯ ಅಂಗಡಿಯೊಂದರಲ್ಲಿ ಟೈರು ಹಾಕಿಸಿದೆವು. ಸ್ಪೋಕ್ ಚಕ್ರಕ್ಕೆ ಟ್ಯೂಬು ಬೇಕೇ ಬೇಕು. ಕಡ್ಡಿಗಳ ತುದಿ ರಿಮ್ಮನ್ನು ತೂರಿ ಬಂದಿರುವುದರಿಂದ ಟ್ಯೂಬ್‌ಲೆಸ್ ಆಗಿ ಗಾಳಿ ನಿಲ್ಲುವುದಿಲ್ಲ. ಅಲ್ಲಿನ ವಯಸ್ಸಾದ ಕೆಲಸಗಾರರು ಕಡ್ಡಿಗಳ ತುದಿಯ ಮೇಲೆ ರಬ್ಬರಿನ ಪಟ್ಟಿ ಕೂರಿಸಿದರು. ಟೈರಿನ ಒಳಗೆ ಅಂಟಿಸಿದ್ದ ಕಾಗದದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಆ ಚೀಟಿ ಉಳಿದರೆ ಉಜ್ಜಿ ಉಜ್ಜಿ ಟ್ಯೂಬು ತೂತಾಗುತ್ತದಂತೆ. ಬಳಿಕ ಪೌಡರ್ ಉದುರಿಸಿ ಟ್ಯೂಬು ಕೂರಿಸಿದರು. ಹುಡುಗ ಐದೂ ಟೈರುಗಳ ಅಂಕಿಯನ್ನು ಓದಿ ನೋಡಿದ ಮೇಲೆಯೇ ಬಿಲ್ಲಿಗೆ ಹಣ ಕೊಟ್ಟದ್ದು.

ಕಳಚಿದ ಹಳೆಯ ಟೈರುಗಳನ್ನು ಅಂಗಡಿಯವರೇ ಒಂದಕ್ಕೆ ಇಷ್ಟೆಂದು ಕೊಳ್ಳಲು ಮುಂದಾದರು. ಗ್ರಿಪ್ ಚೆನ್ನಾಗಿದೆ, ಯಾರಾದರೂ ಹಾಕಿಕೊಳ್ಳುತ್ತಾರೆ ಎಂದರು. ಆಗ ಹಿರಿಯ ಮಗ, ಮೂರು ವಾರದ ಹಿಂದೆ ಇವೇ ಟೈರುಗಳನ್ನು ಹೊಸತೆಂದವರು, ಅಂಗಡಿಯಿಂದ ಬ್ಲೇಡು ಕೇಳಿ ಪಡೆದು ಒಂದೊಂದರ ಪಾರ್ಶ್ವವನ್ನೂ ಉದ್ದಕ್ಕೆ ಸೀಳಿದರು. ಸ್ಟೆಪ್ನಿಯ ರಬ್ಬರು ಎಷ್ಟು ಗಡುಸಾಗಿತ್ತೆಂದರೆ ಬ್ಲೇಡು ಎರಡು ಬಾರಿ ಮುರಿಯಿತು. ಸೀಳಿದ ಐದನ್ನೂ ಗುಜರಿಯವನ ಗಾಡಿಗೆ ಹಾಕಿ, ಅಸ್ರ್ ನಮಾಝಿನ ಹೊತ್ತಿಗೆ ಮನೆಗೆ ಮರಳಿದೆವು.